ಕಳಂಕವಿಲ್ಲದ ಹೆಂಗಸನ್ನು ಹುಡುಕುತ್ತಾ

(ಮಹಿಳಾ ಕಾರ್ಯಕರ್ತೆಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಜನಾಂಗದ್ವೇಷದ ವಿರುದ್ಧ ನಡೆದ ಹೋರಾಟಗಳಿಂದ ಮಹಿಳಾ ಚಳುವಳಿ ಕಲಿಯಬೇಕಾದುದೇನು ಎಂಬ ವಿಷಯವನ್ನು ಸಂಘಟಕರು ನನಗೆ ಒಪ್ಪಿಸಿದ್ದಾರೆ. ವಿಷಯ ಬಹಳ ದೊಡ್ಡದು, ನನಗೆ ಕೊಟ್ಟಿರುವುದು ಮುಕ್ಕಾಲು ಗಂಟೆ. ಆದ್ದರಿಂದ ಒಂದೇ ಊರಿನ, ಒಂದೇ ಹೋರಾಟದ ಬಗ್ಗೆ ಮಾತಾಡುತ್ತೇನೆ. ಊರು ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ. ವರ್ಷ 1955.

ರೋಸಾ ಪಾರ್ಕ್ಸ್ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ನಮ್ಮ ಪಠ್ಯಪುಸ್ತಕಗಳಲ್ಲಿ ಆ ಕಥೆ ಅರ್ಧ ಪುಟದಲ್ಲಿ ಮುಗಿಯುತ್ತದೆ. ದಿನವಿಡೀ ಬಟ್ಟೆ ಹೊಲಿದು ದಣಿದ ಒಬ್ಬ ಕಪ್ಪು ಹೆಂಗಸು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ, ಆಕೆಯನ್ನು ಬಂಧಿಸಿದರು, ಮಾರ್ಟಿನ್ ಲೂಥರ್ ಕಿಂಗ್ ಬಂದರು, ಬಸ್ ಬಹಿಷ್ಕಾರ ನಡೆಯಿತು, ಜಯ ಸಿಕ್ಕಿತು. ಒಬ್ಬ ಸಾಧ್ವಿ, ಒಬ್ಬ ಮಹಾತ್ಮ. ಪುರಾಣದ ಹಾಗೆ ಹೇಳಲು ಸುಲಭ, ಕೇಳಲು ಹಿತ.

ನಿಜ ಸಂಗತಿ ಇಷ್ಟು ನಯವಾಗಿಲ್ಲ. ಆಗ ರೋಸಾ ಪಾರ್ಕ್ಸ್‌ಗೆ ನಲವತ್ತೆರಡು ವರ್ಷ. ಆ ಸಂಜೆ ತನ್ನ ಮೈಯೇನೂ ವಿಶೇಷವಾಗಿ ದಣಿದಿರಲಿಲ್ಲ ಎಂದು ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ. ಎನ್.ಎ.ಎ.ಸಿ.ಪಿ. ಎಂಬ ಕಪ್ಪು ಜನರ ಹಕ್ಕುಗಳ ಸಂಸ್ಥೆಯ ಸ್ಥಳೀಯ ಶಾಖೆಗೆ ಅವರು ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ದುಡಿದವರು. 1944ರಲ್ಲಿ ಅದೇ ರಾಜ್ಯದ ಆಬ್ಬೆವಿಲ್ ಎಂಬ ಊರಿನಲ್ಲಿ ರೀಸಿ ಟೇಲರ್ ಎಂಬ ಇಪ್ಪತ್ನಾಲ್ಕು ವರ್ಷದ ತಾಯಿ ಚರ್ಚಿನಿಂದ ಮನೆಗೆ ನಡೆದು ಬರುತ್ತಿದ್ದಾಗ ಬಿಳಿ ಯುವಕರು ಆಕೆಯನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು. ಆ ಊರಿಗೆ ಹೋಗಿ ಆಕೆಯ ಹೇಳಿಕೆ ಬರೆದುಕೊಂಡು ಬಂದವರು ಇದೇ ರೋಸಾ ಪಾರ್ಕ್ಸ್. ಅಪರಾಧಿಗಳಲ್ಲೊಬ್ಬ ತಪ್ಪೊಪ್ಪಿಕೊಂಡಿದ್ದರೂ ಎರಡು ಬಾರಿ ಕೂಡಿದ ತೀರ್ಪುಗಾರರ ಮಂಡಳಿ ಆರೋಪ ಹೊರಿಸಲು ಒಪ್ಪಲಿಲ್ಲ. ಅಲ್ಲಿನ ಷರೀಫ್ ಎಂಬ ಪೊಲೀಸ್ ಅಧಿಕಾರಿ ಮಾಡಿದ ಕೆಲಸ ಏನು ಗೊತ್ತೆ? ರೀಸಿ ಟೇಲರ್ ನಡತೆ ಸರಿಯಿಲ್ಲ ಎಂದು ಊರಿನಲ್ಲಿ ಹಬ್ಬಿಸಿದ್ದು. ಆಕೆಯ ಬಳಿ ಅಲಬಾಮಾದ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ, ಅರವತ್ತೇಳು ವರ್ಷಗಳ ನಂತರ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಅನ್ಯಾಯಕ್ಕೊಳಗಾದ ಹೆಂಗಸಿನ ನಡತೆಯನ್ನು ಮೊದಲು ಅಳೆಯುವ ಅಭ್ಯಾಸ ಆ ನೆಲದಲ್ಲಿ ಎಷ್ಟು ಆಳವಾಗಿತ್ತೆಂದರೆ, ಅದರ ಭಯ ಹೋರಾಟಗಾರರ ಎದೆಯಲ್ಲೂ ಕುಳಿತಿತ್ತು. ಮುಂದಿನದು ಆ ಭಯದ ಕಥೆ.

ಮೊದಲು ಬಸ್ಸಿನ ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಮಾಂಟ್‌ಗೊಮರಿಯ ಬಸ್ಸಿನಲ್ಲಿ 36 ಸೀಟುಗಳು. ಮುಂದಿನ ಹತ್ತು ಬಿಳಿಯರಿಗೆ ಮೀಸಲು. ಅವು ಖಾಲಿ ಇದ್ದರೂ, ಕಪ್ಪು ಜನ ಕಾಲೂರಲು ಜಾಗವಿಲ್ಲದೆ ನಿಂತಿದ್ದರೂ, ಅಲ್ಲಿ ಕೂರುವ ಹಾಗಿಲ್ಲ. ನಡುವಿನ ಸೀಟುಗಳಲ್ಲಿ ಕೂರಬಹುದು, ಆದರೆ ಒಬ್ಬನೇ ಒಬ್ಬ ಬಿಳಿಯ ಬಂದರೂ ಆ ಸಾಲಿನ ಎಲ್ಲರೂ ಏಳಬೇಕು. ಕಾರಣ, ಒಂದೇ ಸಾಲಿನಲ್ಲಿ ಇಬ್ಬರೂ ಕೂರಬಾರದು. ಮೈಲಿಗೆ ಎಂಬ ಪದ ಇಂಗ್ಲಿಷಿನಲ್ಲಿ ಇಲ್ಲದಿರಬಹುದು, ಆಚರಣೆ ಇತ್ತು. ಕಪ್ಪು ಪ್ರಯಾಣಿಕರು ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಗೆ ಹೋಗಿ ಮತ್ತೆ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟುಕೊಂಡು ಹೋಗುವುದೂ ಇತ್ತು. ಆ ಬಸ್ಸುಗಳ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನವೇ. ಅದರಲ್ಲೂ ಬಿಳಿಯರ ಮನೆಗಳಿಗೆ ಅಡಿಗೆಗೆ, ಪಾತ್ರೆಗೆ, ಮಕ್ಕಳನ್ನು ನೋಡಿಕೊಳ್ಳಲು ಹೋಗುವ ಹೆಂಗಸರು.

1955ರ ಮಾರ್ಚ್ 2ರಂದು, ರೋಸಾ ಪಾರ್ಕ್ಸ್ ಬಂಧನಕ್ಕೆ ಒಂಬತ್ತು ತಿಂಗಳ ಮೊದಲು, ಶಾಲೆಯಿಂದ ಮನೆಗೆ ಹೊರಟಿದ್ದ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಹುಡುಗಿ ಸೀಟು ಬಿಟ್ಟೇಳಲಿಲ್ಲ. ಹಿಂದಿನ ತಿಂಗಳು ಶಾಲೆಯಲ್ಲಿ ಕಪ್ಪು ಜನರ ಚರಿತ್ರೆಯ ಪಾಠ ನಡೆದಿತ್ತಂತೆ. ಪಾಠ ಹೇಳುವ ಕೆಲಸದಲ್ಲಿ ಜೀವನ ಕಳೆದವಳಾದ್ದರಿಂದ ಈ ವಿವರ ನನಗೆ ಬಹಳ ಪ್ರಿಯ! ಇಬ್ಬರು ಪೊಲೀಸರು ಬಂದು ಹುಡುಗಿಯನ್ನು ಎಳೆದು ಇಳಿಸಿದರು. ಇದು ನನ್ನ ಸಂವಿಧಾನದತ್ತ ಹಕ್ಕು ಎಂದು ಆಕೆ ಕೂಗುತ್ತಲೇ ಇದ್ದಳು. ಕೈಕೋಳ ಹಾಕಿ, ಬಾಲಾಪರಾಧಿಗಳ ಜಾಗಕ್ಕಲ್ಲ, ದೊಡ್ಡವರ ಜೈಲಿಗೇ ಒಯ್ದರು. ಹೊರಿಸಿದ ಆರೋಪಗಳು ಮೂರು: ಪ್ರತ್ಯೇಕತೆಯ ಕಾನೂನು ಮುರಿದದ್ದು, ಶಾಂತಿಭಂಗ, ಪೊಲೀಸರ ಮೇಲೆ ಹಲ್ಲೆ. ಇಬ್ಬರು ಧಡೂತಿ ಗಂಡಸರ ಮೇಲೆ ಒಬ್ಬ ಶಾಲಾ ಬಾಲಕಿಯಿಂದ ಹಲ್ಲೆ. ಗಂಡನ ಮನೆಯಲ್ಲಿ ಒದೆ ತಿಂದು ಠಾಣೆಗೆ ಹೋದಾಗ 'ನೀನೂ ಕಚ್ಚಿದ್ದೀಯಂತಲ್ಲ' ಎಂದು ಪ್ರತಿದೂರು ಬರೆದುಕೊಳ್ಳುವುದನ್ನು ಕಂಡಿರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಊರಿನ ಕಪ್ಪು ಮುಖಂಡರು ಈ ಪ್ರಕರಣವನ್ನೇ ಹಿಡಿದು ಕಾನೂನನ್ನು ಪ್ರಶ್ನಿಸಬೇಕೆಂದು ಯೋಚಿಸಿದರು. ಆಮೇಲೆ ಹಿಂದೆ ಸರಿದರು. ಅದಕ್ಕೆ ಕಾನೂನಿನ ಒಂದು ಕಾರಣವಿತ್ತು, ಅದನ್ನು ಮರೆಯುವುದು ಅನ್ಯಾಯವಾಗುತ್ತದೆ. ಮೇಲ್ಮನವಿಯಲ್ಲಿ ನ್ಯಾಯಾಧೀಶರು ಪ್ರತ್ಯೇಕತೆಯ ಆರೋಪವನ್ನೂ ಶಾಂತಿಭಂಗದ ಆರೋಪವನ್ನೂ ಕೈಬಿಟ್ಟು ಹಲ್ಲೆಯ ಆರೋಪವನ್ನು ಮಾತ್ರ ಉಳಿಸಿದರು. ಹೀಗಾಗಿ ಪ್ರಶ್ನಿಸಬೇಕಾದ ಕಾನೂನೇ ಪ್ರಕರಣದಿಂದ ಜಾರಿಹೋಯಿತು. ಆದರೆ ಬೇರೆ ಮಾತುಗಳೂ ಹರಿದಾಡಿದವು. ಹುಡುಗಿ ಚಿಕ್ಕವಳು, ಬಾಯಿ ಜೋರು, ಸಿಟ್ಟು ಹೆಚ್ಚು. ಮನೆ ಇರುವುದು ಬಡವರ ಕೇರಿಯಲ್ಲಿ. ತಂದೆ ಬಿಳಿಯರ ಮನೆಯ ಹುಲ್ಲು ಕತ್ತರಿಸುವವನು, ತಾಯಿ ಮನೆಗೆಲಸದವಳು. ಪತ್ರಿಕೆಯವರ ಮುಂದೆ ನಿಲ್ಲಿಸಲು ಈಕೆ ಆದೀತೇ?

ಆ ಬೇಸಿಗೆಯಲ್ಲಿ ಕ್ಲಾಡೆಟ್ ಗರ್ಭಿಣಿಯಾದಳು. ಕಾರಣನಾದವನು ಆಕೆಗಿಂತ ಬಹಳ ದೊಡ್ಡವನಾದ, ಮದುವೆಯಾಗಿದ್ದ ಗಂಡಸು. ಅಮೆರಿಕದ ಕಾನೂನಿನ ಪ್ರಕಾರವೂ ಅದು ಅಪ್ರಾಪ್ತೆಯ ಮೇಲಿನ ಅಪರಾಧವೇ. ಶಾಲೆಯಿಂದ ಹೊರಹಾಕಿದ್ದು ಮಾತ್ರ ಹುಡುಗಿಯನ್ನು. ಇಲ್ಲೊಂದು ಸೂಕ್ಷ್ಮ ಗಮನಿಸಿ. ಹುಡುಗಿ ಬಸುರಿಯಾದ್ದರಿಂದ ಮುಖಂಡರು ಕೈಬಿಟ್ಟರು ಎಂದು ಎಷ್ಟೋ ಕಡೆ ಬರೆಯುತ್ತಾರೆ. ತಾರೀಖುಗಳನ್ನು ಜೋಡಿಸಿ ನೋಡಿದರೆ, ಕೈಬಿಟ್ಟದ್ದು ಮೊದಲು, ಬಸುರಿಯಾದದ್ದು ಆಮೇಲೆ. ತೀರ್ಮಾನಕ್ಕೆ ಸಮರ್ಥನೆಯನ್ನು ಚರಿತ್ರೆ ಹಿಂದಿನಿಂದ ತಂದು ಅಂಟಿಸಿದೆ. ಹೆಂಗಸರ ವಿಷಯದಲ್ಲಿ ಹೀಗೆ ಹಿಂದಿನಿಂದ ತಂದು ಅಂಟಿಸುವುದು ಎಷ್ಟು ಸಲೀಸು ನೋಡಿ.

ಅದೇ ವರ್ಷ ಅಕ್ಟೋಬರಿನಲ್ಲಿ ಮೇರಿ ಲೂಯಿಸ್ ಸ್ಮಿತ್ ಎಂಬ ಹದಿನೆಂಟು ವರ್ಷದ ಹುಡುಗಿಯ ಬಂಧನವಾಯಿತು. ಆಕೆಯನ್ನೂ ಮುಂದೆ ನಿಲ್ಲಿಸಲಿಲ್ಲ. ತಂದೆ ಕುಡುಕನೆಂದು ಗಾಳಿಮಾತು. ಅದು ಶುದ್ಧ ಸುಳ್ಳೆಂದು ಆಕೆ ಮುಂದೆ ಹೇಳಿದರು. ತಂದೆ ಕುಡಿದರೆ ಮಗಳಿಗಾದ ಅವಮಾನ ಹೇಗೆ ಕಡಿಮೆಯಾಗುತ್ತದೆ ಎಂದು ಆಗ ಯಾರಾದರೂ ಕೇಳಿದರೋ ಇಲ್ಲವೋ.

ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಂಧನವಾದಾಗ ಎಲ್ಲರಿಗೂ ನಿರಾಳವಾಯಿತು. ವಿವಾಹಿತೆ, ಮೃದುಭಾಷಿ, ಚರ್ಚಿಗೆ ತಪ್ಪದೆ ಹೋಗುವವರು, ಎಲ್ಲಿಂದಲೂ ಬೆರಳು ತೋರಿಸುವ ಹಾಗಿಲ್ಲ. ಅವರ ಧೈರ್ಯಕ್ಕೆ ನಾನು ಒಂದು ಗುಲಗಂಜಿಯಷ್ಟೂ ಕಡಿಮೆ ಬೆಲೆ ಕಟ್ಟುವುದಿಲ್ಲ. ಎನ್.ಎ.ಎ.ಸಿ.ಪಿ.ಯ ಯುವಜನ ಮಂಡಳಿಯನ್ನು ನಡೆಸುತ್ತಿದ್ದ ಅವರು ಕ್ಲಾಡೆಟ್‌ಳನ್ನು ಅಲ್ಲಿಗೆ ಕರೆಸಿಕೊಂಡಿದ್ದವರು. ತಕರಾರು ಅವರ ಮೇಲಲ್ಲ, ಕಳಂಕವಿಲ್ಲದವಳು ಸಿಗುವವರೆಗೆ ಕಾಯುವ ನಮ್ಮ ಚಾಳಿಯ ಮೇಲೆ.

ಆ ರಾತ್ರಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಊರಿನಲ್ಲಿ 1946ರಿಂದಲೇ ಮಹಿಳಾ ರಾಜಕೀಯ ಮಂಡಳಿ ಎಂಬ ಸಂಘಟನೆ ಇತ್ತು. ಅದನ್ನು ಕಟ್ಟಿದವರು ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಮೇರಿ ಫೇರ್ ಬರ್ಕ್ಸ್. ಆಗ ಅದರ ಅಧ್ಯಕ್ಷೆ ಅದೇ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್ಸನ್. 1949ರಲ್ಲಿ ಹೆಚ್ಚುಕಡಿಮೆ ಖಾಲಿ ಬಸ್ಸಿನಲ್ಲಿ ತಪ್ಪು ಸಾಲಿನಲ್ಲಿ ಕೂತರೆಂದು ಡ್ರೈವರ್ ಅರಚಿದಾಗ ಅಳುತ್ತಾ ಇಳಿದು ಹೋದವರು ಅವರು. 1954ರ ಮೇ ತಿಂಗಳಲ್ಲೇ ಮೇಯರ್ ಗೇಲ್‌ಗೆ ಪತ್ರ ಬರೆದು, ಇಪ್ಪತ್ತೈದಕ್ಕೂ ಹೆಚ್ಚು ಸಂಘಟನೆಗಳು ಬಹಿಷ್ಕಾರದ ಮಾತಾಡುತ್ತಿವೆ ಎಂದು ಎಚ್ಚರಿಸಿದ್ದರು. ಅಂದರೆ ಯೋಜನೆ ಒಂದೂವರೆ ವರ್ಷದಿಂದ ಸಿದ್ಧವಿತ್ತು. ಡಿಸೆಂಬರ್ 1ರ ರಾತ್ರಿ ಅವರು ಕಾಲೇಜಿಗೆ ಹೋಗಿ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಬೆಳಗಿನ ಜಾವದವರೆಗೆ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು ಹತ್ತಾರು ಸಾವಿರ ಕರಪತ್ರ ತೆಗೆದರು. ಮುಖಂಡರ ಸಭೆ ಸೇರುವ ಹೊತ್ತಿಗೆ ಬಹಿಷ್ಕಾರದ ಕರೆ ಮನೆಮನೆ ತಲುಪಿತ್ತು. ಸರ್ಕಾರಿ ಹಣದಲ್ಲಿ ನಡೆಯುವ ಕಾಲೇಜಿನ ಕಾಗದ, ಕಾಲೇಜಿನ ಯಂತ್ರ! ಕಾಲೇಜಿನ ಆಫೀಸುಗಳನ್ನು ಬಲ್ಲವರಿಗೆ ಅದಕ್ಕೆಷ್ಟು ಎದೆಗಾರಿಕೆ ಬೇಕೆಂಬುದು ಗೊತ್ತು.

ಆ ಕರಪತ್ರದಲ್ಲಿ ಒಂದು ತಪ್ಪಿದೆ. ಹಿಂದಿನ ಪ್ರಕರಣವನ್ನು ನೆನಪಿಸುವಾಗ ಕ್ಲಾಡೆಟ್ ಕಾಲ್ವಿನ್ ಎನ್ನುವ ಬದಲು ಕ್ಲಾಡೆಟ್ ಕೋಲ್ಬರ್ಟ್ ಎಂದು ಅಚ್ಚಾಗಿದೆ. ಕೋಲ್ಬರ್ಟ್ ಎಂದರೆ ಆ ಕಾಲದ ಪ್ರಸಿದ್ಧ ಸಿನಿಮಾ ನಟಿ. ಅವಸರದ ಕೈತಪ್ಪು, ನಿಜ. ಆದರೆ ಒಂಬತ್ತೇ ತಿಂಗಳಲ್ಲಿ ಆ ಹುಡುಗಿಯ ಹೆಸರು ಆಕೆಯ ಪರವಾಗಿದ್ದವರ ಕೈಯಲ್ಲೇ ಅಳಿಸಿಹೋಗಿತ್ತು.

ಬಹಿಷ್ಕಾರ 381 ದಿನ ನಡೆಯಿತು. ಭಾಷಣ ಮಾಡಿದವರು ಗಂಡಸರು, ನಡೆದವರು ಹೆಚ್ಚಾಗಿ ಹೆಂಗಸರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡಿಗೆಯಾಕೆ ಗೆಳತಿಯರನ್ನು ಸೇರಿಸಿಕೊಂಡು ಕೇಕು, ಕಡುಬು, ಊಟ ಮಾಡಿ ಮಾರಿ ಪ್ರತಿ ವಾರ ನಿಧಿಗೆ ದುಡ್ಡು ತಂದು ಸುರಿದರು. ಸಾಕ್ಷಿ ಹೇಳಿದ್ದಕ್ಕೆ ಆಕೆಯ ಕೆಲಸ ಹೋಯಿತು. ಇತ್ತ ಎಷ್ಟೋ ಬಿಳಿ ಗೃಹಿಣಿಯರು ಕೆಲಸದವಳು ಬರದಿದ್ದರೆ ಮನೆ ನಡೆಯದೆಂದು ತಾವೇ ಕಾರಿನಲ್ಲಿ ಕರೆತಂದು ಬಿಟ್ಟುಬರತೊಡಗಿದರು. ಹೆಂಗಸರೇ ಬಹಿಷ್ಕಾರಕ್ಕೆ ನೀರೆರೆಯುತ್ತಿದ್ದಾರೆಂದು ಮೇಯರ್ ರೇಗಿದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಸ್ಸಿನ ಕಾನೂನು ಬಿದ್ದದ್ದು ಬರೀ ಬಹಿಷ್ಕಾರದಿಂದಲ್ಲ, ರೋಸಾ ಪಾರ್ಕ್ಸ್ ಮೊಕದ್ದಮೆಯಿಂದಂತೂ ಅಲ್ಲ. ಅವರ ಮೇಲ್ಮನವಿ ರಾಜ್ಯದ ನ್ಯಾಯಾಲಯಗಳಲ್ಲಿ ಸಿಕ್ಕಿಕೊಳ್ಳುವುದೆಂದು ವಕೀಲ ಫ್ರೆಡ್ ಗ್ರೇ ಕಂಡುಕೊಂಡರು. 1956ರ ಫೆಬ್ರವರಿ 1ರಂದು ಕೇಂದ್ರ ನ್ಯಾಯಾಲಯದಲ್ಲಿ ಬೇರೆಯೇ ದಾವೆ ಹೂಡಿದರು: ಬ್ರೌಡರ್ ಮತ್ತು ಗೇಲ್ ಪ್ರಕರಣ. ಕಾನೂನಿನ ಲೆಕ್ಕಾಚಾರಕ್ಕಾಗಿ ರೋಸಾ ಪಾರ್ಕ್ಸ್ ಅವರನ್ನು ಬೇಕೆಂದೇ ಹೊರಗಿಟ್ಟರು. ದಾವೆಯಲ್ಲಿ ಕೊನೆಗೆ ಉಳಿದವರು ನಾಲ್ವರು: ಆರೀಲಿಯಾ ಬ್ರೌಡರ್, ಎಪ್ಪತ್ತು ದಾಟಿದ ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಕ್ಲಾಡೆಟ್ ಕಾಲ್ವಿನ್. ಐದನೆಯವಳೊಬ್ಬಳು ಬೆದರಿಕೆಗೆ ಹೆದರಿ ಹಿಂದೆ ಸರಿದಳು. ಅವಳನ್ನು ದೂರುವ ಯೋಗ್ಯತೆ ಇಲ್ಲಿ ಕೂತಿರುವ ಯಾರಿಗೂ ಇಲ್ಲವೆಂದು ನನ್ನ ಭಾವನೆ. ಅಂದರೆ, ಮುಂದೆ ನಿಲ್ಲಿಸಲು ಯೋಗ್ಯರಲ್ಲವೆಂದು ಬದಿಗಿಟ್ಟ ಇಬ್ಬರೂ ಹುಡುಗಿಯರು ಕೊನೆಗೆ ಕಟಕಟೆಯಲ್ಲಿ ನಿಂತರು. ಮೇ 11ರಂದು ಕ್ಲಾಡೆಟ್ ಸಾಕ್ಷಿ ಹೇಳಲು ಬಂದಾಗ ಮನೆಯಲ್ಲಿ ಒಂದೂವರೆ ತಿಂಗಳ ಕೂಸು. ನಿಮ್ಮ ನಾಯಕ ಯಾರು ಎಂದು ನಗರದ ವಕೀಲ ಕೆದಕಿ ಕೆದಕಿ ಕೇಳಿದ, ಕಿಂಗ್ ಹೆಸರು ಬಾಯಿಗೆ ಬರಲಿ ಎಂದು. ನಮಗೆ ನಾವೇ ನಾಯಕರು ಎಂಬರ್ಥದ ಉತ್ತರ ಬಂತು. ಜೂನ್ 5ರಂದು ತೀರ್ಪು, ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ಮನ್ನಣೆ. ಆ ವಿಜಯೋತ್ಸವದ ಚಿತ್ರಗಳಲ್ಲಿ ಆ ಹುಡುಗಿ ಇಲ್ಲ. 1958ರಲ್ಲಿ ಊರು ಬಿಟ್ಟು ನ್ಯೂಯಾರ್ಕಿಗೆ ಹೋಗಿ ವೃದ್ಧಾಶ್ರಮದಲ್ಲಿ ದಾದಿಯರ ಸಹಾಯಕಿಯಾಗಿ ದಶಕಗಳ ಕಾಲ ದುಡಿದಳು. 2021ರಲ್ಲಿ, ಎಂಬತ್ತೆರಡನೇ ವಯಸ್ಸಿನಲ್ಲಿ, ಅರ್ಜಿ ಹಾಕಿಕೊಂಡ ಮೇಲೆ ಆಕೆಯ ಹೆಸರಿನ ಮೇಲಿದ್ದ ಆ ಹಲ್ಲೆ ಪ್ರಕರಣದ ದಾಖಲೆಯನ್ನು ನ್ಯಾಯಾಲಯ ಅಳಿಸಿಹಾಕಿತು.

ಹಾಗಾದರೆ ಕಳಂಕವಿಲ್ಲದವರಿಗೆ ರಕ್ಷಣೆಯಾದರೂ ಸಿಕ್ಕಿತೇ? ರೋಸಾ ಪಾರ್ಕ್ಸ್‌ಗೆ ಕೆಲಸ ಹೋಯಿತು, ಬೆದರಿಕೆಗಳು ಬಂದವು, 1957ರಲ್ಲಿ ಊರು ಬಿಡಬೇಕಾಯಿತು. ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಜೂಲಿಯೆಟ್ ಮಾರ್ಗನ್ ಎಂಬ ಬಿಳಿ ಮಹಿಳೆ, ನಗರದ ಗ್ರಂಥಾಲಯದ ಉದ್ಯೋಗಿ, ಒಳ್ಳೆಯ ಮನೆತನ. ಕಪ್ಪು ಪ್ರಯಾಣಿಕರ ದುಡ್ಡು ತೆಗೆದುಕೊಂಡು ಡ್ರೈವರ್ ಬಿಟ್ಟು ಹೊರಟಾಗ ತುರ್ತುಹಗ್ಗ ಎಳೆದು ಬಸ್ ನಿಲ್ಲಿಸುತ್ತಿದ್ದವರು. ಬಹಿಷ್ಕಾರ ಶುರುವಾದ ವಾರದಲ್ಲೇ ಸ್ಥಳೀಯ ಪತ್ರಿಕೆಗೆ ಪತ್ರ ಬರೆದು, ಈ ನಡೆಯುವ ಜನರನ್ನು ನಮ್ಮ ಗಾಂಧೀಜಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿದರು. ಅಷ್ಟಕ್ಕೇ ನಿಂದೆಯ ಪತ್ರಗಳು, ಫೋನುಗಳು, ಮನೆಗೆ ಕಲ್ಲು. 1957ರ ಜುಲೈನಲ್ಲಿ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. ಆಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪ್ರಾಣ ಕಳೆದುಕೊಂಡರು. ಮನೆತನ, ಬಣ್ಣ, ವಿದ್ಯೆ ಯಾವುದೂ ಕಾಯಲಿಲ್ಲ.

ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಇದೇ ದಕ್ಷಿಣ ಅಮೆರಿಕನ್ ರಾಜ್ಯಗಳಲ್ಲಿ, 1941ರಲ್ಲಿ, ಲೂಸಿಯಾನಾದ ರೈಲಿನಲ್ಲಿ ಹೋಗುತ್ತಿದ್ದಾಗ ಟಿಕೆಟ್ ಕಲೆಕ್ಟರ್ ಬಂದು ಬಿಳಿಯರ ಡಬ್ಬಿಯಿಂದ ಏಳು ಎಂದ. ಏಳಲಿಲ್ಲ. ಯಾವ ದೇಶದವಳೆಂದು ಕೇಳಿದ. ಭಾರತದ ಅತಿಥಿ, ಅಖಿಲ ಭಾರತ ಮಹಿಳಾ ಪರಿಷತ್ತಿನ ಮುಖಂಡಳು ಎಂದು ಹೇಳಿದ್ದರೆ ವಿನಾಯಿತಿ ಸಿಗುತ್ತಿತ್ತೇನೋ. ಯಾವ ದೇಶವಾದರೇನು, ನಾನು ಕಪ್ಪು ಹೆಂಗಸೇ, ಏಳುವುದಿಲ್ಲ ಎಂಬ ಉತ್ತರ ಕೊಟ್ಟು ಕೂತರು. ಸಾಹಸಕ್ಕಿಂತಲೂ ವಿನಾಯಿತಿಯನ್ನು ಒಲ್ಲೆ ಎಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನಾನು ಬೇರೆ, ಅವರು ಬೇರೆ ಎಂದು ಆಕೆ ಹೇಳಲಿಲ್ಲ.

ನಮ್ಮ ನಾಡಿಗೆ ಬರೋಣ. ಮಥುರಾ ಪ್ರಕರಣವನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. 1972ರಲ್ಲಿ ಠಾಣೆಯೊಳಗೆ ಪೊಲೀಸರಿಂದ ಅತ್ಯಾಚಾರಕ್ಕೊಳಗಾದ ಆದಿವಾಸಿ ಹುಡುಗಿಗೆ ಪ್ರಿಯಕರನಿದ್ದ ಎಂಬುದು ಪೊಲೀಸರ ಖುಲಾಸೆಯ ಹಾದಿಯಲ್ಲಿ ತೂಕದ ಸಂಗತಿಯಾಯಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೂ ಅತ್ಯಾಚಾರದ ಮೊಕದ್ದಮೆಯಲ್ಲಿ ದೂರುದಾರಳ 'ಅನೈತಿಕ ನಡತೆ'ಯನ್ನು ಎತ್ತಿ ತೋರಿಸಲು ಬಿಡುವ ಸಾಕ್ಷ್ಯ ಕಾಯ್ದೆಯ ಅವಕಾಶವನ್ನು ತೆಗೆದುಹಾಕಲು 2002ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯ ಸ್ವರೂಪದ ಸಂಬಂಧದಲ್ಲಿರುವ ಹೆಂಗಸಿಗೂ ರಕ್ಷಣೆ ಕೊಡುತ್ತದೆ. ಅದನ್ನು ವ್ಯಾಖ್ಯಾನಿಸುತ್ತಾ 2010ರಲ್ಲಿ ಸುಪ್ರೀಂ ಕೋರ್ಟ್ 'ಇಟ್ಟುಕೊಂಡವಳು' ಎಂಬರ್ಥದ ಪದ ಬಳಸಿತು. ಇಂದಿರಾ ಜೈಸಿಂಗ್ ಅದೇ ನ್ಯಾಯಾಲಯದಲ್ಲಿ ಎದ್ದುನಿಂತು ಆಕ್ಷೇಪಿಸಿದರು. ವರದಕ್ಷಿಣೆಯ ವಿಷಯವೂ ಹೀಗೆಯೇ. 1961ರ ಕಾಯ್ದೆಯಲ್ಲಿ ಕೊಡುವುದೂ ಅಪರಾಧ. ದೂರು ಕೊಡಲು ಬಂದ ತಂದೆತಾಯಿಯನ್ನು 'ನೀವೂ ಕೊಟ್ಟಿದ್ದೀರಲ್ಲ, ನೀವೂ ಕಳ್ಳರೇ' ಎಂದು ಠಾಣೆಯಲ್ಲಿ ಹೆದರಿಸಿ ಕಳಿಸುತ್ತಾರೆ. ನೊಂದವರ ಹೇಳಿಕೆಯನ್ನು ಅವರ ವಿರುದ್ಧವೇ ಮೊಕದ್ದಮೆಗೆ ಬಳಸುವಂತಿಲ್ಲವೆಂದು ಅದೇ ಕಾಯ್ದೆಯ 7ನೇ ಕಲಮಿನಲ್ಲಿ ನಂತರ ಸೇರಿಸಿದ್ದಾರೆ. ಆ ಕಲಮನ್ನು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ, ಬೇಕಾಗುತ್ತದೆ.

ಪೊಲೀಸರು, ನ್ಯಾಯಾಲಯ ಇವರನ್ನು ಬಯ್ಯುವುದು ನಮಗೆ ಅಭ್ಯಾಸವಾಗಿದೆ. ನಮ್ಮ ನಡುವಿನ ಮಾತು ಈಗ. ಕಳೆದ ತಿಂಗಳು ಸಲಹಾ ಕೇಂದ್ರಕ್ಕೆ ಬಂದ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ ನಮ್ಮಲ್ಲಿ ಎರಡು ಪಕ್ಷವಾಗಿದೆ. ಸ್ಕೂಟರಿನ ದುಡ್ಡಿಗಾಗಿ ಗಂಡ ಅವಳ ಮುಂಗೈ ಮುರಿದಿದ್ದಾನೆ, ಠಾಣೆಯಲ್ಲಿ ದೂರು ದಾಖಲಿಸಿಲ್ಲ. ಠಾಣೆಯ ಮುಂದೆ ಧರಣಿ ಕೂರೋಣವೆಂದು ಕೆಲವರು. ಬೇಡವೆಂದು ಕೆಲವರು. ಬೇಡವೆನ್ನುವವರ ಕಾರಣ ನಿಮಗೆ ಗೊತ್ತಿದೆ: ಅವಳು ಎರಡು ಸಲ ಮನೆ ಬಿಟ್ಟು ಹೋಗಿದ್ದಳು, ಬಾಯಿ ಬಿಟ್ಟರೆ ಬೈಗುಳ, ಇನ್ನೊಬ್ಬನ ಜೊತೆ ಹೆಸರು ಸೇರಿಸಿ ಮಾತಾಡುತ್ತಾರೆ. ಇಂಥವಳಿಗಾಗಿ ಕೂತರೆ ಸಂಘದ ಹೆಸರು ಕೆಟ್ಟು ನಾಳೆ 'ಒಳ್ಳೆಯ' ಹೆಂಗಸರ ದೂರಿಗೂ ಬೆಲೆ ಇರುವುದಿಲ್ಲ ಎಂಬ ವಾದ.

ಹೀಗೆ ಹೇಳುವವರು ಹೇಡಿಗಳಲ್ಲ. ಇಪ್ಪತ್ತು ವರ್ಷ ಬೀದಿಯಲ್ಲಿ ಕಲ್ಲು ತಿಂದವರೂ ಇದ್ದಾರೆ. ಮಾಂಟ್‌ಗೊಮರಿಯ ಮುಖಂಡರಿಗಿದ್ದ ಭಯವೇ ಇವರದು, ಅದಕ್ಕೆ ಬುಡವೂ ಇದೆ. ನ್ಯಾಯಾಲಯಕ್ಕೆ ಯಾವ ಪ್ರಕರಣವನ್ನು ಮೊದಲು ಒಯ್ಯಬೇಕೆಂಬುದು ವಕೀಲರ ಲೆಕ್ಕ, ಆ ಲೆಕ್ಕ ಬೇಡವೆಂದು ನಾನು ಹೇಳುವುದಿಲ್ಲ. ಫ್ರೆಡ್ ಗ್ರೇ ಲೆಕ್ಕ ಹಾಕಿಯೇ ರೋಸಾ ಪಾರ್ಕ್ಸ್‌ರನ್ನು ಹೊರಗಿಟ್ಟರು. ಆದರೆ ಲೆಕ್ಕವನ್ನು ಲೆಕ್ಕವೆಂದು ಹೇಳಬೇಕು, ಅದಕ್ಕೆ ನಡತೆಯ ಹೆಸರಿಡಬಾರದು. ಮುರಿದ ಮೂಳೆಗೂ ಬೈಗುಳಕ್ಕೂ ಏನು ಸಂಬಂಧ? ಮತ್ತೆ, ಸೌಮ್ಯವಾಗಿರುವ ಹೆಂಗಸೇ ಬರಲಿ ಎಂದು ಕಾದರೆ, ಬರುವ ಹೊತ್ತಿಗೆ ಆಕೆ ಬದುಕಿರುವುದಿಲ್ಲ. ಸೀಮೆಎಣ್ಣೆ ಸುರಿದುಕೊಂಡು ಹೋದವರೆಲ್ಲ ನಮಗೆ ಒಳ್ಳೆಯವರೇ. ಸತ್ತವಳ ಫೋಟೋ ಹಿಡಿದು ಮೆರವಣಿಗೆ ಮಾಡಲು ನಮ್ಮಲ್ಲಿ ಎಂದೂ ಎರಡು ಪಕ್ಷವಾಗಿಲ್ಲ. ಬದುಕಿ ಜಗಳವಾಡುವವಳ ಪಕ್ಕ ಕೂರುವಾಗ ಮಾತ್ರ ಆಗುತ್ತದೆ.

ಮಧ್ಯಾಹ್ನದ ಚರ್ಚೆಗೆ ಎರಡು ಸಂಗತಿ ಇಡುತ್ತೇನೆ. ನಮ್ಮ ಕೇಂದ್ರದ ಅರ್ಜಿ ನಮೂನೆಯಲ್ಲಿ ಏಳನೇ ಕಲಂ 'ಅರ್ಜಿದಾರಳ ಬಗ್ಗೆ ನೆರೆಹೊರೆಯವರ ಅಭಿಪ್ರಾಯ' ಎಂದಿದೆ. ಗಂಡನ ಬಗ್ಗೆ ಅಂಥ ಕಲಂ ಇಲ್ಲ. ಅದನ್ನು ತೆಗೆಯಬೇಕೆಂದು ನನ್ನ ಸೂಚನೆ, ಅನುಮೋದಿಸುವವರು ಕೈ ಎತ್ತಲಿ. ಎರಡನೆಯದು, ಧರಣಿಯ ಬಗ್ಗೆ ಮೂರು ಸಭೆ ಮಾಡಿದ್ದೇವೆ, ಮೂರಕ್ಕೂ ಆ ಹೆಣ್ಣುಮಗಳನ್ನು ಕರೆದಿಲ್ಲ. ಬರುವ ಶನಿವಾರ ಅವಳು ಕೈಯ ಪಟ್ಟಿ ಬಿಚ್ಚಿಸಲು ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾಳೆ. ಜೊತೆಗೆ ಹೋಗಲು ಇಬ್ಬರು ಬೇಕು. ಠಾಣೆಯ ಮುಂದೆ ಕೂರುವುದು ಬೇಕೋ ಬೇಡವೋ, ಬೇಕಾದರೆ ತನ್ನ ಹೆಸರು ಹೇಳಬೇಕೋ ಬೇಡವೋ ಎಂಬುದನ್ನು ಅವಳನ್ನೇ ಕೇಳಿಕೊಂಡು ಬರಬೇಕು.